‘ಒಳ್ಳೇ ಗಾಳಿ ಬರುತ್ತೆ’ ಅಂತ ಮುಂಬೈಯಲ್ಲಿ ಫ್ಲ್ಯಾಟ್ ಹಿಡಿಯುವ ಮುನ್ನ

ಮಲಾಡ್ ಪಶ್ಚಿಮ, 24ನೇ ಮಹಡಿ, ಮೂಲೆಯ ಫ್ಲ್ಯಾಟು. ಹಾಲಿಗೂ ಬೆಡ್‌ರೂಮಿಗೂ ಪಡುವಣಕ್ಕೇ ಕಿಟಕಿ. ಎದುರಿಗೆ ಕಾಂಡ್ಲಾ ಕಾಡು, ಅದರಾಚೆ ಖಾಡಿ, ಅಂದರೆ ಕಡಲ ಹಿನ್ನೀರು. ಮಾಟುಂಗದ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಬೆವರಿ ಬೇಸತ್ತಿದ್ದ ಕುಟುಂಬ ಜನವರಿಯ ಸಂಜೆ ಬಂದು ನೋಡಿತು. ಪರದೆ ಹಾರುತ್ತಿತ್ತು, ಫ್ಯಾನ್ ಬೇಕೆನಿಸಲಿಲ್ಲ. ಮಹಡಿ ಏರಿದಂತೆ ಬಿಲ್ಡರ್ ಕೇಳುವ ಹೆಚ್ಚುವರಿ ದರ, ಅಂದರೆ ಫ್ಲೋರ್ ರೈಸನ್ನೂ ಕೊಟ್ಟು ಬುಕ್ ಮಾಡಿದರು. ಜೂನ್ ಕೊನೆಯ ಹೊತ್ತಿಗೆ ಕಿಟಕಿಯ ಟ್ರ್ಯಾಕಿನಲ್ಲಿ ಹಳೇ ಬನಿಯನ್ನು, ಟವೆಲ್ಲು ತುರುಕಿತ್ತು. ಕೆಳಗೆ ಬಕೆಟ್. ಲ್ಯಾಮಿನೇಟ್ ನೆಲ ಉಬ್ಬಿ ಎದ್ದಿತ್ತು. ರಾತ್ರಿಯಿಡೀ ಸಂದುಗಳಿಂದ ಶಿಳ್ಳೆ, ನಡುವೆ ಬಾಗಿಲು ಬಡಿಯುವ ಸದ್ದು. ಬಡಿದು ಬಡಿದು ಚೌಕಟ್ಟಿನ ಸುತ್ತ ಪ್ಲಾಸ್ಟರ್ ಬಿರುಕು ಬಿಟ್ಟಿತು. ಗಾಳಿಗಾಗಿ ದುಡ್ಡು ಸುರಿದವರು ನಾಲ್ಕು ತಿಂಗಳು ಎಲ್ಲ ಮುಚ್ಚಿಕೊಂಡು ಎ.ಸಿ. ಹಾಕಿಕೊಂಡು ಕೂರಬೇಕಾಯಿತು.

ಇದು ಒಂದು ಮನೆಯ ಕಥೆಯಲ್ಲ. ಬೊರಿವಲಿಯಿಂದ ವರ್ಲಿವರೆಗೆ ಪಡುವಣಕ್ಕೆ ಬಯಲಿರುವ ಟವರುಗಳಲ್ಲೆಲ್ಲ ಇದೇ ಗೋಳು. ಮೂಲ ಎಡವಟ್ಟು ಮನೆ ನೋಡುವ ಕಾಲದ್ದು. ಚಳಿಗಾಲದಲ್ಲಿ ಮುಂಬೈಗೆ ಬೆಳಿಗ್ಗೆ ಮೂಡಣದಿಂದ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ. ಎರಡರಲ್ಲೂ ಮಳೆಯಿಲ್ಲ, ಎರಡೂ ಸಾಧು. ಮಳೆಗಾಲ ಹಾಗಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜೂನ್ 11ರ ಸುಮಾರಿಗೆ ಮುಂಗಾರು ಬಂತೆಂದರೆ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದಲೇ, ಹಗಲೂ ರಾತ್ರಿ, ನೀರು ಹೊತ್ತುಕೊಂಡೇ. ತೌಕ್ತೆ ಚಂಡಮಾರುತ ನಗರದ ಪಕ್ಕದಲ್ಲಿ ಹಾದುಹೋದ 2021ರ ಮೇ 17ರಂದು ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ವೇಗ ದಾಖಲಾಗಿತ್ತು.

ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಕಟ್ಟಡ ಎಷ್ಟು ಗಾಳಿ ತಡೆಯಬೇಕು ಎಂದು ಹೇಳುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ಗಾಳಿಯ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬೈಗೆ 44 ಎಂದಿದೆ. ಅದೂ ನೆಲದಿಂದ 10 ಮೀಟರ್ ಎತ್ತರದ ಲೆಕ್ಕ. ಮೇಲೆ ಹೋದಂತೆ ಹೆಚ್ಚುತ್ತದೆ. 33ಕ್ಕೂ 44ಕ್ಕೂ ಅಂಥ ವ್ಯತ್ಯಾಸವೇನಿಲ್ಲ ಅನಿಸಬಹುದು. ಆದರೆ ಗಾಜಿನ ಮೇಲೆ ಬೀಳುವ ಒತ್ತಡ ವೇಗದ ವರ್ಗದಷ್ಟು ಏರುತ್ತದೆ, ಹಾಗಾಗಿ ಹೊರೆ ಒಂದೂ ಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚು.

ಈಗ ಕಿಟಕಿಗೆ ಬರೋಣ, ಎಲ್ಲ ಕೆಡುವುದು ಅಲ್ಲೇ. ನಮ್ಮ ಕಟ್ಟಡಗಳಲ್ಲಿ ಹಾಕುವುದು ಅಲ್ಯೂಮಿನಿಯಂ ಸ್ಲೈಡಿಂಗ್. ಕೆಳಗಿನ ಟ್ರ್ಯಾಕಿನಲ್ಲಿ ಬಿದ್ದ ನೀರು ಹೊರಮುಖದ ಸಣ್ಣ ತೂತುಗಳಿಂದ ಸೋರಿ ಹೋಗಬೇಕು. ಗಾಳಿ ಹೊರಗಿನಿಂದ ಒತ್ತಿದಾಗ ಆ ನೀರು ಹೋಗದೆ ಟ್ರ್ಯಾಕಿನಲ್ಲೇ ಏರುತ್ತದೆ, ಒಳಗಿನ ಅಂಚು ದಾಟಿದ ಕ್ಷಣ ಹಾಲಿಗೆ ಇಳಿಯುತ್ತದೆ. ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಬಹುದು: ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಪಾಸ್ಕಲ್‌ನಲ್ಲಿ ಒತ್ತಡ ಸಿಗುತ್ತದೆ. ಪ್ರತಿ 10 ಪಾಸ್ಕಲ್‌ಗೆ ನೀರು ಸುಮಾರು 1 ಮಿ.ಮೀ. ಏರುತ್ತದೆ. ಗಂಟೆಗೆ 47 ಕಿ.ಮೀ. ಗಾಳಿಗೆ 10 ಮಿ.ಮೀ., 72 ಕಿ.ಮೀ.ಗೆ 24 ಮಿ.ಮೀ. ಮನೆ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸ್ಕೇಲಿರಲಿ, ಒಳ ಅಂಚಿನ ಎತ್ತರ ಅಳೆಯಿರಿ. 20 ಮಿ.ಮೀ. ಇದ್ದು ಎದುರಿಗೆ ಬಯಲಿದ್ದರೆ ಮಿಕ್ಕಿದ್ದನ್ನು ನೋಡುವ ಅಗತ್ಯವೇ ಇಲ್ಲ, ಸೋರುತ್ತದೆ. 40 ಮಿ.ಮೀ. ಇದ್ದರೆ 90 ಕಿ.ಮೀ. ಗಾಳಿವರೆಗೂ ನೆಮ್ಮದಿ, ತೂತು ಕಟ್ಟಿರದಿದ್ದರೆ.

ತೂತು ಕಟ್ಟಿದೆಯೋ ಎಂದು ನೋಡಲು ಒಂದು ಮಗ್ ನೀರು ಸಾಕು. ಟ್ರ್ಯಾಕಿಗೆ ಸುರಿಯಿರಿ, ಅರ್ಧ ನಿಮಿಷದೊಳಗೆ ಹೊರಗೆ ಇಳಿದು ಹೋಗಬೇಕು. ನಿಂತರೆ ಸಿಮೆಂಟು, ಧೂಳು ಕಟ್ಟಿಕೊಂಡಿದೆ, ಇಲ್ಲವೇ ಟ್ರ್ಯಾಕ್ ಒಳಗೆ ವಾಲಿದೆ. ಇನ್ನೂ ಕೆಟ್ಟದ್ದೆಂದರೆ ಹಿಂದಿದ್ದವರು ‘ನೀರು ಇಲ್ಲಿಂದಲೇ ಬರುತ್ತಿದೆ’ ಎಂದು ಆ ತೂತಿಗೇ ಸಿಲಿಕೋನ್ ಅಂಟು ಬಡಿದಿರುತ್ತಾರೆ. ಮಲಾಡಿನ ಮನೆಯಲ್ಲೂ ಕಾಂಟ್ರಾಕ್ಟರ್ ಮೊದಲು ಮಾಡಿದ ರಿಪೇರಿ ಇದೇ. ಅದಾದ ಮೇಲೆ ಸೋರುವುದು ಹೆಚ್ಚಾಯಿತು.

ಕಿಟಕಿ ಮುಚ್ಚಿ ಅದರ ಗಾಜಿನ ಬಾಗಿಲನ್ನು ಕೈಯಲ್ಲಿ ಅಲ್ಲಾಡಿಸಿ. ನಿಮ್ಮ ಕೈಗೇ ಗಡಗಡ ಎಂದರೆ ಜುಲೈ ರಾತ್ರಿಗಳಲ್ಲಿ ನಿದ್ದೆಯಿಲ್ಲ. ಸ್ಲೈಡಿಂಗ್‌ನಲ್ಲಿ ಸಂದು ಮುಚ್ಚುವುದು ಬರೀ ಬ್ರಷ್ಷು, ಅದು ಸವೆಯುತ್ತದೆ. ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಾದರೆ ರಬ್ಬರ್ ಗ್ಯಾಸ್ಕೆಟ್ ಒತ್ತಿ ಹಿಡಿಯುತ್ತದೆ. ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಕೂತಿಲ್ಲ. ಎತ್ತರದ ಮಹಡಿಗೆ ಇವೇ ವಾಸಿ ಎಂಬುದು ನಮ್ಮ ಅಭಿಪ್ರಾಯ, ಆದರೆ ಗಾಳಿಯಲ್ಲಿ ತೆರೆದಿಟ್ಟರೆ ಕೀಲು ಕಿತ್ತು ಬರುತ್ತದೆ. ನಂತರ ಬದಲಾಯಿಸೋಣ ಎಂದುಕೊಳ್ಳಬೇಡಿ. ಹೊರನೋಟ ಬದಲಾಗುವುದರಿಂದ ಸೊಸೈಟಿಯ ಒಪ್ಪಿಗೆ ಬೇಕು.

ಮಳೆಗಾಲದಲ್ಲಿ ಬಹುತೇಕರು ಮಾಡುವ ತಪ್ಪು ಒಂದಿದೆ. ಪಡುವಣದ ಕಿಟಕಿ ಮುಚ್ಚಿ, ಸೆಖೆ ಅಂತ ಮೂಡಣದ್ದು ತೆರೆಯುತ್ತಾರೆ, ಅಡುಗೆಮನೆಯ ಎಕ್ಸಾಸ್ಟೂ ಹಾಕುತ್ತಾರೆ. ಎರಡರಿಂದಲೂ ಮನೆಯೊಳಗಿನ ಒತ್ತಡ ಇಳಿಯುತ್ತದೆ, ಮುಚ್ಚಿದ ಕಿಟಕಿಯ ಸಂದಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಗಾಳಿ ಜೋರಿದ್ದಷ್ಟು ಹೊತ್ತು ಎರಡೂ ಕಡೆ ಮುಚ್ಚಿಡಬೇಕು.

ಮಳೆಗಾಲದಲ್ಲಿ ಮನೆ ನೋಡಲು ಆಗದಿದ್ದರೆ ಗುರುತುಗಳನ್ನು ನೋಡಿ. ಕಿಟಕಿಯ ಕೆಳಗಿನ ಒಂದಡಿಗೆ ಮಾತ್ರ ಹೊಸ ಬಣ್ಣ, ಅಲ್ಲಲ್ಲಿ ಗುಳ್ಳೆ, ಬಿಳೀ ಉಪ್ಪು. ಹೊಚ್ಚ ಹೊಸ ಸಿಲಿಕೋನ್ ಗೆರೆ. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಕುಂಡಗಳನ್ನು ಗ್ರಿಲ್ಲಿಗೆ ತಂತಿಯಿಂದ ಬಿಗಿದಿದ್ದಾರೋ, ತಾಡಪತ್ರಿ ಕಟ್ಟಿದ ಹಗ್ಗದ ತುಂಡು ಉಳಿದಿದೆಯೋ ನೋಡಿ. ಬ್ರೋಕರ್ ಹೇಳದ್ದನ್ನು ವಾಚ್‌ಮನ್ ಹೇಳುತ್ತಾನೆ. ಮುಖ್ಯ ಬಾಗಿಲಿಗೆ ಡೋರ್ ಕ್ಲೋಸರ್ ಇಲ್ಲದಿದ್ದರೆ ಮಕ್ಕಳಿರುವ ಮನೆಯವರು ಮೊದಲ ದಿನವೇ ಹಾಕಿಸಿ. ಒಲೆ ಕಿಟಕಿಗೆ ನೇರವಿದ್ದರೆ ಉರಿ ಆರಿ ಗ್ಯಾಸ್ ಹಾಗೇ ಬಿಡುತ್ತಿರುತ್ತದೆ. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಒಲೆ ತೆಗೆದುಕೊಳ್ಳಿ. ಚಿಮಣಿ ಕೊಳವೆಯ ಬಾಯಿ ಪಡುವಣಕ್ಕಿದ್ದರೆ ಹೊಗೆ ವಾಪಸ್ಸು ಬರುತ್ತದೆ.

ಗಾಳಿ ಏನು ಹೊತ್ತು ತರುತ್ತದೆ ಎಂಬುದು ಬೇರೆಯೇ ವಿಚಾರ. ಖಾರ್ಘರ್‌ನವರು ರಾತ್ರಿ, ಬೆಳಗಿನ ಜಾವ ತಳೋಜ ಕಾರ್ಖಾನೆಗಳ ವಾಸನೆಯೆಂದು ದೂರುವುದು ಸುಮ್ಮನಲ್ಲ. ಆ ಹೊತ್ತಿಗೆ ಬೀಸುವುದು ಮೂಡುಗಾಳಿ. ಕಾಂಜೂರ್‌ಮಾರ್ಗ್, ದೇವನಾರ್ ಕಸದ ರಾಶಿಗಳ ಅಕ್ಕಪಕ್ಕ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಮನೆ ನೋಡುವವರು ಬೆಳಗಿನ ಆರಕ್ಕೊಮ್ಮೆ, ರಾತ್ರಿ ಹತ್ತರ ಮೇಲೊಮ್ಮೆ ಹೋಗಿ ನಿಂತು ಬನ್ನಿ.

ಹಾಗಾದರೆ ಯಾವ ದಿಕ್ಕು? ವಾಯವ್ಯ ಅಥವಾ ಉತ್ತರಕ್ಕೆ ತೆರೆದ ಮನೆಗೆ ಎಂಟು ತಿಂಗಳ ಕಡಲ ಗಾಳಿ ಸಿಗುತ್ತದೆ, ಮುಂಗಾರಿನ ಎರಚಲು ನೇರ ಬಡಿಯುವುದಿಲ್ಲ. ಪಡುವಣವೇ ಬೇಕೆಂದರೆ ಕಿಟಕಿಯ ಮುಂದೆ ಒಳಸರಿದ ಬಾಲ್ಕನಿ ಇರಲಿ. ಮೂಲೆಯ ಮನೆಯಲ್ಲಿ ಗಾಳಿ ಕಟ್ಟಡ ಸುತ್ತುವಾಗ ಇನ್ನಷ್ಟು ವೇಗ ಪಡೆಯುತ್ತದೆ, ಎರಡು ಟವರುಗಳ ಸಂದಿಗೆ ಎದುರಾದ ಮನೆಯೂ ಹಾಗೇ. ಮಹಡಿ ಎಣಿಸುವುದಕ್ಕಿಂತ ಎದುರಿನ ಕಟ್ಟಡಗಳ ತಾರಸಿ ನಿಮ್ಮ ಕಿಟಕಿಗಿಂತ ಮೇಲೋ ಕೆಳಗೋ ನೋಡಿ. ಎದುರಿನ ಪ್ಲಾಟ್ ಖಾಲಿಯಿದ್ದರೆ ಇನ್ನೊಂದು ಟವರ್ ಬಂದೇ ಬರುತ್ತದೆ, ಫ್ಲೋರ್ ರೈಸ್ ಕೊಟ್ಟ ಗಾಳಿ ಅಗ್ರಿಮೆಂಟಿನಲ್ಲಿ ಎಲ್ಲೂ ಬರೆದಿರುವುದಿಲ್ಲ.

ಈಗಾಗಲೇ ಕೊಂಡು ಸೋರುತ್ತಿದ್ದರೆ ಮನೆ ಕೊಂಡವರ ಹಿತ ಕಾಯುವ ರೇರಾ ಕಾಯ್ದೆಯ 14ನೇ ಕಲಂ ಇದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚು ಕೇಳದೆ ಸರಿಪಡಿಸಬೇಕು. ಮಳೆ ಬೀಳುತ್ತಿರುವಾಗಲೇ ಟ್ರ್ಯಾಕಿನಲ್ಲಿ ನೀರು ಏರುವ ವಿಡಿಯೊ ತೆಗೆದು ಇ–ಮೇಲ್ ಮಾಡಿ, ಬಾಯಿಮಾತು ಲೆಕ್ಕಕ್ಕಿಲ್ಲ. ಕಿಟಕಿ ನೀವೇ ಬದಲಾಯಿಸಿದ್ದರೆ ಅವರು ಕೈತೊಳೆದುಕೊಳ್ಳುತ್ತಾರೆ, ಹಾಗಾಗಿ ದೂರು ಮೊದಲು. ಬಾಡಿಗೆಯವರು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್‌ಗೆ ಸಹಿ ಹಾಕುವ ಮುನ್ನ, ಸೋರಿಕೆ ಸರಿಪಡಿಸದಿದ್ದರೆ ಲಾಕ್–ಇನ್ (ಇಂತಿಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು) ಅನ್ವಯಿಸದು ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಜನವರಿಯಲ್ಲಿ ಕೇಳಿದರೆ ಮಾಲೀಕರು ಬೇಗ ಒಪ್ಪುತ್ತಾರೆ.