ಡಾಕ್ ಇರುವ ಸೈಕಲ್ಲೋ, ಡಾಕ್ ಇಲ್ಲದ್ದೋ? ಮೆಟ್ರೊ ನಿಲ್ದಾಣದ ಹೊರಗೆ ಯಾವುದು ಸರಿ

ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ ಶುರುವಾದದ್ದು ಡಾಕ್ ಪದ್ಧತಿಯಲ್ಲಿ. ಡಾಕ್ ಅಂದರೆ ನೆಲಕ್ಕೆ ನೆಟ್ಟ, ಬೀಗವಿರುವ ಸ್ಟ್ಯಾಂಡು. ಆಗ ಸೈಕಲ್ ಡಾಕಿಗೆ ಸಿಕ್ಕಿಕೊಂಡು ನಿಂತಿರುತ್ತಿತ್ತು, ಸ್ಮಾರ್ಟ್ ಕಾರ್ಡ್ ಹಿಡಿದರೆ ಬಿಡುತ್ತಿತ್ತು. ಬೆಂಗಳೂರಿನ ಡಾಕ್ ಇಲ್ಲದ ಬಾಡಿಗೆ ಸೇವೆ ಯುಲುಗೆ ಫೋನು, ಆ್ಯಪ್ಪು ಬೇಕೇ ಬೇಕು. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆಲಸದವರು, ಹಿರಿಯರು ಇಲ್ಲೇ ಹೊರಗುಳಿಯುತ್ತಾರೆ.

ಖರ್ಚಿನಲ್ಲಿ ಡಾಕ್ ಸೋಲುತ್ತದೆ. ನೆಲ ಅಗೆಯಬೇಕು, ಕರೆಂಟು ಎಳೆಯಬೇಕು. ಡಾಕ್ ಇಲ್ಲದ್ದಕ್ಕೆ ಒಂದು ದಿನದಲ್ಲಿ ನೆಲಕ್ಕೆ ಬಣ್ಣದ ಗೆರೆ ಬಳಿದು ಬೋರ್ಡ್ ನೆಟ್ಟರಾಯಿತು. ಆದರೆ ಮೆಟ್ರೊ ಮೇಲ್ಸೇತುವೆಯ ಕೆಳಗೆ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ. ಆ್ಯಪ್ ಪ್ರಕಾರ ಸೈಕಲ್ ಗೆರೆಯೊಳಗೆ, ಕಣ್ಣೆದುರು ನೋಡಿದರೆ ಫುಟ್‌ಪಾತಿನ ಹಳದಿ ಉಬ್ಬುಗಲ್ಲಿನ ಮೇಲೆ! ಕೋಲು ಹಿಡಿದು ಬರುವ ಅಂಧರು ಎಡವುವುದು ಅಲ್ಲೇ.

ಯಾವುದನ್ನೇ ಆರಿಸಿ, ಫುಟ್‌ಪಾತಿನಲ್ಲಿ 1.8 ಮೀಟರ್ ಖಾಲಿ ಬಿಡಿ. ಸೈಕಲ್ಲುಗಳನ್ನು ರಸ್ತೆಯಂಚಿಗೆ ಇಳಿಸಿ. 5 ಮೀಟರ್ ಉದ್ದದ ಒಂದು ಕಾರಿನ ಜಾಗದಲ್ಲಿ 60 ಸೆಂ.ಮೀ.ಗೊಂದರಂತೆ ಎಂಟು ನಿಲ್ಲುತ್ತವೆ. ಗಾಲಿಕುರ್ಚಿಯ ಇಳಿಜಾರು 1:12 ಇರಲಿ, ಅಂದರೆ 15 ಸೆಂ.ಮೀ. ಎತ್ತರದ ಅಂಚಿಗೆ 1.8 ಮೀಟರ್ ಉದ್ದ. ಗುತ್ತಿಗೆದಾರರು ಕಡಿದಾಗಿ ಮುಗಿಸಿಬಿಡುವುದು ಇದನ್ನೇ.

ಡಾಕಿನ ದೊಡ್ಡ ತಲೆನೋವು ಬೇರೆ: ಬೆಳಿಗ್ಗೆ ಬಡಾವಣೆಯಲ್ಲಿ ಖಾಲಿ, ನಿಲ್ದಾಣದಲ್ಲಿ ಭರ್ತಿ, ವಾಪಸ್ ಇಡಲು ಜಾಗವಿಲ್ಲ. ಹತ್ತು ಸೈಕಲ್ಲಿಗೆ ಹದಿನೈದರಿಂದ ಇಪ್ಪತ್ತು ಡಾಕ್ ಹಾಕಿ, ಸಾಗಿಸಲು ಗೂಡ್ಸ್ ಆಟೊ ಇಡಿ.

ನಮ್ಮ ಮಟ್ಟಿಗೆ ನಿಲ್ದಾಣದ ಬಾಗಿಲಿಗೆ ಡಾಕ್, ಒಳಬೀದಿಗಳಿಗೆ ಬಣ್ಣದ ಗೆರೆ.