ನೀಲಿ ಪಂಪು ಬಿಟ್ಟು ಹದಿನಾಲ್ಕು ತಿಂಗಳು: ಎರಡು ಮದ್ದಿನ ಇನ್‌ಹೇಲರ್ ಹೇಗಿದೆ?

ನಮ್ಮದು ತುಮಕೂರು ಕಡೆ ಹಿಟ್ಟಿನ ಮಿಲ್ಲು. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತದೆ. ಇಂಥ ಜಾಗದಲ್ಲಿ ಉಬ್ಬಸ ಇರುವವನು ಹೇಗೆ ಬದುಕುತ್ತಾನೆ ಅಂದರೆ, ಜೇಬಿನಲ್ಲಿ ಒಂದು ನೀಲಿ ಪಂಪು ಇಟ್ಟುಕೊಂಡು. ಹದಿನೈದು ವರ್ಷ ನಾನೂ ಹಾಗೇ ತಳ್ಳಿದೆ. ಈಗ ಹದಿನಾಲ್ಕು ತಿಂಗಳಿಂದ ಬೇರೆ ಪಂಪು ಹಿಡಿದಿದ್ದೇನೆ. ಉಸಿರುನಾಳದ ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್, ಬಿಗಿತ ಸಡಿಲಿಸುವ ಫಾರ್ಮೊಟೆರಾಲ್, ಎರಡೂ ಸೇರಿರುವ ಇನ್‌ಹೇಲರ್. ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ಒಳಗಿನ ಮದ್ದು ಅದೇ, ಅದಕ್ಕೇ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ.

ಬದಲಾಯಿಸಿದ್ದು ಒಂದು ರಾತ್ರಿಯ ದೆಸೆಯಿಂದ. ಎರಡು ಗಂಟೆಗೆ ಎದೆಯಲ್ಲಿ ಸಿಳ್ಳೆ ಶುರುವಾಯಿತು, ಪಂಪು ಒತ್ತಿದರೆ ಬರೀ ಗ್ಯಾಸು. ಮದ್ದು ಮುಗಿದಿತ್ತು. ನಮ್ಮ ಚಿಕ್ಕಪ್ಪ ಒಂದು ವಿದ್ಯೆ ಕಲಿಸಿದ್ದರು: ಡಬ್ಬಿಯನ್ನು ಚೊಂಬಿನ ನೀರಿಗೆ ಹಾಕು, ತೇಲಿದರೆ ಖಾಲಿ, ಮುಳುಗಿದರೆ ತುಂಬಿದೆ ಅಂತ. ಹಿಂದಿನ ದಿನ ತಾನೇ ಅರ್ಧ ಮುಳುಗಿತ್ತು! (ಅದನ್ನು ನಂಬಲೇಬೇಡಿ. ಮದ್ದು ಮುಗಿದ ಮೇಲೂ ಒಳಗೆ ಗ್ಯಾಸು ಉಳಿದಿರುತ್ತದೆ, ಮೇಲಾಗಿ ನೀರು ಹೋಗಿ ಬಾಯಿ ಕಟ್ಟಿಕೊಳ್ಳಬಹುದು.) ಬೆಳಗಿನ ತನಕ ಎರಡೂ ಕೈ ಮಂಚಕ್ಕೆ ಊರಿಕೊಂಡು ಕೂತಿದ್ದೆ. ಆಸ್ಪತ್ರೆಗೆ ಹೋಗಬೇಕಿತ್ತು, ಹೋಗಲಿಲ್ಲ, ದಡ್ಡತನ.

ಮಾರನೇ ದಿನ ಡಾಕ್ಟರು ಮೊದಲು ಕೇಳಿದ್ದು, "ವರ್ಷಕ್ಕೆ ಎಷ್ಟು ಪಂಪು ಖಾಲಿ ಮಾಡ್ತೀರಾ?" ಏಳೋ ಎಂಟೋ ಅಂದೆ. ಅವರು ಪೆನ್ನು ಕೆಳಗಿಟ್ಟರು. ವರ್ಷಕ್ಕೆ ಮೂರು ಆದರೇನೇ ಜೋರು ಉಬ್ಬಸ ಬರುವ ಸಾಧ್ಯತೆ ಜಾಸ್ತಿಯಂತೆ, ಹನ್ನೆರಡಾದರೆ ಪ್ರಾಣಕ್ಕೇ ಅಪಾಯವಂತೆ. ನೀಲಿಯದರಲ್ಲಿ ಇರುವುದು ಸಾಲ್ಬುಟಮಾಲ್. ಅದು ಉಸಿರುನಾಳದ ಸುತ್ತ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ, ಒಳಗಿನ ಊತಕ್ಕೆ ಏನೂ ಮಾಡುವುದಿಲ್ಲ. ಸವೆದ ಬೇರಿಂಗಿಗೆ ಗ್ರೀಸ್ ಮೆತ್ತಿದ ಹಾಗೆ, ಸದ್ದು ನಿಂತಿತು ಅಂತ ನಾವು ಮಿಲ್ಲು ಓಡಿಸುತ್ತಲೇ ಇರುತ್ತೇವೆ.

ಊತಕ್ಕೆ ದಿನಾ ಎಳೆಯುವ ಸ್ಟೀರಾಯ್ಡ್ ಪಂಪು ಹಿಂದೆಯೂ ಬರೆದುಕೊಟ್ಟಿದ್ದರು. ಇಪ್ಪತ್ತು ದಿನ ಎಳೆದೆ, ಆರಾಮಾಯಿತು, ಅಟ್ಟದ ಮೇಲೆ ಹೋಯಿತು. ಸ್ಟೀರಾಯ್ಡ್ ಅಂದ ತಕ್ಷಣ ಅಮ್ಮ ಬೇರೆ "ಅಭ್ಯಾಸ ಆಗ್ಬಿಡುತ್ತೆ ಕಣೋ" ಅಂತ ಶುರು ಮಾಡಿದ್ದರು. ನನ್ನಂಥವರು ಊರ ತುಂಬ ಇದ್ದಾರೆ, ಅಲ್ವಾ? ಈ ಎರಡು ಮದ್ದಿನ ಪಂಪು ಹಿಡಿದಿರುವುದು ನಮ್ಮ ಈ ಸೋಮಾರಿತನವನ್ನೇ. ದಮ್ಮು ಬಂದಾಗ ಹೇಗೂ ಪಂಪು ಹುಡುಕುತ್ತೀರಿ, ಆ ಎಳೆತದಲ್ಲೇ ಊತದ ಮದ್ದೂ ಒಳಗೆ ಹೋಗಲಿ ಅಂತ ಲೆಕ್ಕ.

ಲೆಕ್ಕ ಸರಿಯೋ ಅಂತ 2018ರಲ್ಲಿ 3,800ಕ್ಕೂ ಹೆಚ್ಚು ಜನರ ಮೇಲೆ ಒಂದು ವರ್ಷ ನೋಡಿದ್ದರು, ಸಿಗ್ಮಾ 1 ಅಂತ ಅದರ ಹೆಸರು. ಎಲ್ಲರದೂ ಸೌಮ್ಯ ಆಸ್ತಮಾ. ನೀಲಿ ಪಂಪಿನ ಜಾತಿಯ ಟರ್ಬುಟಾಲಿನ್ ಒಂದನ್ನೇ ಎಳೆದವರಿಗಿಂತ ಇದನ್ನು ಬೇಕಾದಾಗ ಎಳೆದವರಿಗೆ ಜೋರು ಉಬ್ಬಸ ಶೇಕಡಾ 64 ಕಡಿಮೆ ಬಂತು. ಒಳಗೆ ಹೋದ ಸ್ಟೀರಾಯ್ಡ್, ಅದೇ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಂಪು ದಿನಾ ಎಳೆದವರದರ ಶೇಕಡಾ 17 ಮಾತ್ರ. ಆದರೆ ದಿನದಿನದ ಕೆಮ್ಮು, ಸಿಳ್ಳೆ ಹತೋಟಿಯಲ್ಲಿ ಇಡುವುದರಲ್ಲಿ ತಪ್ಪದೆ ಎರಡು ಹೊತ್ತು ಎಳೆದವರೇ ಮುಂದೆ. ತಪ್ಪದೆ ಎಳೆಯುವವರು ನೀವಾಗಿದ್ದರೆ ಇದರಿಂದ ದೊಡ್ಡ ಲಾಭವೇನೂ ಕಾಣಲಿಕ್ಕಿಲ್ಲ. 2019ರಲ್ಲಿ ಆಸ್ತಮಾ ಚಿಕಿತ್ಸೆಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ಕೂಟ ಗ್ಲೋಬಲ್ ಇನಿಶಿಯೇಟಿವ್ ಫಾರ್ ಆಸ್ತಮಾದವರು ನೀಲಿ ಪಂಪೊಂದನ್ನೇ ನಂಬಿ ಚಿಕಿತ್ಸೆ ಕೊಡಬೇಡಿ ಅಂತ ಡಾಕ್ಟರುಗಳಿಗೆ ಹೇಳಿಬಿಟ್ಟರು.

ಅದೇ ವರ್ಷ ನ್ಯೂಜಿಲೆಂಡಿನ ರಿಚರ್ಡ್ ಬೀಸ್ಲಿ ಮತ್ತು ಜೊತೆಗಾರರು 668 ಜನರ ಮೇಲೆ ಮಾಡಿದ ಅಧ್ಯಯನವೂ ಬಂತು. ಸಾಲ್ಬುಟಮಾಲ್ ಒಂದನ್ನೇ ಎಳೆದವರಿಗೆ ಹೋಲಿಸಿದರೆ ಈ ಎರಡು ಮದ್ದಿನ ಪಂಪನ್ನು ಬೇಕಾದಾಗ ಎಳೆದವರಲ್ಲಿ ಉಬ್ಬಸ ಕೆರಳುವುದು ಅರ್ಧಕ್ಕೆ ಇಳಿದಿತ್ತು. ಆ ದೇಶಕ್ಕೆ ಇದರ ಮೇಲೆ ಅಷ್ಟು ಕಾಳಜಿ ಯಾಕೆ ಅಂದರೆ, 1970ರ ದಶಕದ ಕೊನೆಗೆ ಅಲ್ಲಿ ಫೆನೊಟೆರಾಲ್ ಅನ್ನುವ ಇಂಥದೇ ತಕ್ಷಣ ಆರಾಮ ಕೊಡುವ ಪಂಪು ಬಳಸುತ್ತಿದ್ದ ಕಾಲದಲ್ಲಿ ಆಸ್ತಮಾ ಸಾವು ಸಿಕ್ಕಾಪಟ್ಟೆ ಏರಿತ್ತು. 1989ರಲ್ಲಿ ಆ ನಂಟನ್ನು ತೋರಿಸಿದ ತಂಡದಲ್ಲಿ ಬೀಸ್ಲಿಯವರೂ ಇದ್ದರು.

ಇನ್ನು ನನ್ನ ಅನುಭವ. ಮೊದಲ ನಾಲ್ಕು ತಿಂಗಳು ಬೆಳಗ್ಗೆ ಒಂದು, ರಾತ್ರಿ ಒಂದು, ಜೊತೆಗೆ ದಮ್ಮು ಬಂದಾಗ. ಹತೋಟಿಗೆ ಬಂದ ಮೇಲೆ ಬೇಕಾದಾಗ ಮಾತ್ರ. ಎರಡು ಮೂರು ನಿಮಿಷದಲ್ಲಿ ಎದೆ ಬಿಡುತ್ತದೆ, ನೀಲಿಗಿಂತ ನಿಧಾನ ಅಂತ ನನಗೆ ಅನಿಸಲಿಲ್ಲ. ಕೈನಡುಕ ಕಡಿಮೆ. ಹೋದ ಚಳಿಗಾಲ ಒಂದು ರಾತ್ರಿಯೂ ಎದ್ದು ಕೂರಲಿಲ್ಲ. ಮೂಟೆ ಇಳಿಸುವಾಗ ಮಾಸ್ಕ್ ಹಾಕುತ್ತೇನೆ, ಹಿಟ್ಟು ಎದೆಗಿಳಿದರೆ ಯಾವ ಪಂಪೂ ಏನು ಮಾಡೀತು.

ಬೇಜಾರಿನ ವಿಷಯಗಳೂ ಇವೆ. ರೇಟು, ನಾನು ಕೊಟ್ಟಿದ್ದು ನೀಲಿಯದರ ಮೂರು ಪಟ್ಟಿನ ಹತ್ತಿರ. ಬರುವುದು 120 ಸಲಕ್ಕೆ, ನೀಲಿಯದು 200. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಗಂಟಲು ಕಟ್ಟುತ್ತದೆ. ಎರಡು ವಾರ ಉದಾಸೀನ ಮಾಡಿದ್ದಕ್ಕೆ ನನ್ನ ದನಿ ಹೋಗಿತ್ತು, ಗಿರಾಕಿಗಳ ಹತ್ತಿರ ಬರೀ ಕೈಸನ್ನೆ. ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಬುರುಡೆ ಕೂಡ ತಗೊಳ್ಳಿ, ಮದ್ದು ನಾಲಿಗೆ ಮೇಲೆ ಕೂರದೆ ಎದೆಗೆ ಹೋಗುತ್ತದೆ. ಜೇಬಿಗೆ ಮಾತ್ರ ಹಿಡಿಯುವುದಿಲ್ಲ.

ಜಾಸ್ತಿ ಸಿಟ್ಟು ಬಂದಿದ್ದು ಒಂದು ಮೆಡಿಕಲ್ ಶಾಪಿನಲ್ಲಿ. ನನ್ನದು ಸ್ಟಾಕಿಲ್ಲ ಅಂತ ಸಾಲ್ಮೆಟೆರಾಲ್ ಇರುವ ಇನ್ನೊಂದು ಪಂಪು ಕೊಟ್ಟು, "ಎರಡೂ ಒಂದೇ ಸಾರ್" ಅಂದರು. ಒಂದೇ ಅಲ್ಲ. ಸಾಲ್ಮೆಟೆರಾಲ್ ನಿಧಾನ, ದಮ್ಮು ಕಟ್ಟಿದಾಗ ಎಳೆದರೆ ತಕ್ಷಣ ಕೆಲಸ ಮಾಡುವುದಿಲ್ಲ. ಡಬ್ಬಿ ಮೇಲೆ ಫಾರ್ಮೊಟೆರಾಲ್ ಅಂತ ಇದೆಯಾ ಓದಿಯೇ ದುಡ್ಡು ಕೊಡಿ. ಹಾಗಂತ ಇದನ್ನು ಓದಿ ನೀವೇ ಅಂಗಡಿಗೆ ಓಡಬೇಡಿ, ನಿಮಗೆ ಎಷ್ಟು, ದಿನಕ್ಕೆ ಎಲ್ಲಿಯ ತನಕ ಅನ್ನುವುದನ್ನು ಡಾಕ್ಟರು ಹೇಳಬೇಕು. ಎಳೆದರೂ ಮಾತಾಡಲು ಆಗದಷ್ಟು ದಮ್ಮು ಇದ್ದರೆ ಸೀದಾ ಆಸ್ಪತ್ರೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ರೇಟಿಗೆ. ತಗೊಳ್ಳುವಾಗ ಇನ್ನೆಷ್ಟು ಸಲಕ್ಕೆ ಮದ್ದು ಉಳಿದಿದೆ ಅಂತ ತೋರಿಸುವ ಎಣಿಕೆ ಕಿಂಡಿ ಇರುವುದನ್ನೇ ಕೇಳಿ. ನನ್ನದರಲ್ಲಿ ಈಗ 46 ತೋರಿಸುತ್ತಿದೆ. ಚಿಕ್ಕಪ್ಪ ಅದನ್ನು ನೋಡಿ, ಕನ್ನಡಕ ಏರಿಸಿಕೊಂಡು, "ಚೊಂಬಿಗೆ ಒಂದ್ಸಲ ಹಾಕಿ ನೋಡೋಣ ತಡಿ" ಅಂದರು.