ಬಾವಿ ನೀರಿಗೆ ಲ್ಯಾಬ್ ಸರಿ, ಪೂಲ್ ನೀರಿಗೆ ಕೈಯಲ್ಲಿರುವ ಕಿಟ್ಟೇ ವಾಸಿ

ಮಡಿಕೇರಿ ಕಡೆ ಹೋಮ್‌ಸ್ಟೇ ನಡೆಸುವವರು ಇಬ್ಬರು ಸೇರಿದರೆ ಈಗ ನೀರಿನ ಟೆಸ್ಟ್ ಮಾತು ಬಂದೇ ಬರುತ್ತದೆ. ಯಾವ ಲ್ಯಾಬ್, ಎಷ್ಟು ತಗೊಂಡರು, ರಿಪೋರ್ಟ್ ಯಾವಾಗ ಬಂತು. ನಾವು ಮೈಸೂರಿನ ಒಂದು ಖಾಸಗಿ ಲ್ಯಾಬ್‌ಗೆ ಬಾವಿ ನೀರು, ಪೂಲ್ ನೀರು ಎರಡನ್ನೂ ಕೊಟ್ಟೆವು. ಜೊತೆಗೆ ಎರಡು ಕಿಟ್ ತರಿಸಿಕೊಂಡಿದ್ದೇವೆ. ಮೂರರ ಬಗ್ಗೆಯೂ ಬರೆಯುತ್ತೇನೆ. ಲ್ಯಾಬಿನ ಹೆಸರು ಹಾಕುವುದಿಲ್ಲ, ಯಾಕೆಂದರೆ ದೂರು ಇದೆ. ಮೆಚ್ಚುಗೆಯೂ ಇದೆ.

ಮೊದಲು ಮೆಚ್ಚುಗೆ. ಬಾವಿ ನೀರಿನ ರಿಪೋರ್ಟ್ ಚೆನ್ನಾಗಿತ್ತು. ಪ್ರತಿ ಅಂಶದ ಪಕ್ಕದಲ್ಲೂ ಐಎಸ್ 10500, ಅಂದರೆ ಕುಡಿಯುವ ನೀರಿನ ಭಾರತೀಯ ಮಾನದಂಡದ ಮಿತಿ ಹಾಕಿದ್ದರು, ಹಾಗಾಗಿ ಓದಲು ಕಷ್ಟವಾಗಲಿಲ್ಲ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1 ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ, ಮಲದ ಸೋಂಕು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಮಾತ್ರ 100 ಮಿಲಿಯಲ್ಲಿ ಒಂದೂ ಇರಬಾರದು. ತೋಟದ ನಡುವೆ ಬಾವಿ ಇದ್ದರೆ ನೈಟ್ರೇಟ್ ನೋಡಿಸಲೇಬೇಕು, ಯೂರಿಯಾ ಹಾಕುವುದು ನಾವೇ ಅಲ್ವಾ. ನಮ್ಮದರಲ್ಲಿ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಒಂದೇ ಕೆಂಪು ಅಕ್ಷರದಲ್ಲಿ ಬಂತು, 6.5ಕ್ಕಿಂತ ಕೆಳಗೆ. ಇಷ್ಟೊಂದು ಮಳೆ, ಹುಳಿ ಮಣ್ಣು, ನೀರಲ್ಲಿ ಸುಣ್ಣದ ಅಂಶವೇ ಕಡಿಮೆ, ಬೇರೆ ಏನು ಬರಬೇಕು! ಕುಡಿದವರಿಗೆ ತಕ್ಷಣ ಏನೂ ಆಗುವುದಿಲ್ಲ, ಆದರೆ ಅಂಥ ನೀರು ಲೋಹದ ಪೈಪನ್ನು ಮೆಲ್ಲಗೆ ತಿನ್ನುತ್ತದೆ. ಇದನ್ನು ಲ್ಯಾಬಿನ ಹುಡುಗಿಯೊಬ್ಬರು ಫೋನಲ್ಲಿ ತಾಳ್ಮೆಯಿಂದ ವಿವರಿಸಿದರು, ಏನನ್ನೂ ಮಾರಲು ನೋಡಲಿಲ್ಲ. ಅದಕ್ಕೆ ಪೂರ್ತಿ ಅಂಕ.

ಆರ್‌ಒ ಫಿಲ್ಟರ್ ಮಾರುವವರು ಬೇರೆ ಇದ್ದಾರೆ. ಗ್ಲಾಸಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟು, ನೀರು ಕಂದು ಬಣ್ಣಕ್ಕೆ ತಿರುಗಿದಾಗ "ನೋಡಿ ಸಾರ್, ಇದನ್ನೇ ನೀವು ಕುಡೀತಿರೋದು" ಅನ್ನುವವರು. ಅದು ನೀರಿನ ಕೊಳೆ ಅಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಿಡುವ ಬಣ್ಣ. ಟಿಡಿಎಸ್ ಮೀಟರ್ ಕೂಡ ಕರಗಿದ ಲವಣದ ಅಂದಾಜು ಹೇಳುತ್ತದೆಯೇ ಹೊರತು ರೋಗಾಣುವಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ನಮ್ಮ ಬಾವಿ ನೀರಿನ ಟಿಡಿಎಸ್ ಲೀಟರಿಗೆ 100 ಮಿಲಿಗ್ರಾಂ ಕೂಡ ಮುಟ್ಟಿಲ್ಲ. 500ರ ಒಳಗಿರುವ ಕಡೆ ಆರ್‌ಒ ಬೇಡ ಎಂದು ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ನಮಗೆ ಬೇಕಾದದ್ದು ಕುದಿಸುವುದು, ಇಲ್ಲ ಯುವಿ, ಇಲ್ಲ ಸರಿಯಾದ ಕ್ಲೋರಿನ್.

ಈಗ ದೂರು. ಸ್ಯಾಂಪಲ್ ತೆಗೆಯಲು ಬಂದವನು ತಂದದ್ದು ಖಾಲಿ ಮಿನರಲ್ ವಾಟರ್ ಬಾಟಲಿ. ಬ್ಯಾಕ್ಟೀರಿಯಾ ಪರೀಕ್ಷೆಗೂ ಅದೇ! ನಲ್ಲಿಯ ಬಾಯಲ್ಲಿರುವ ರೋಗಾಣು ಸಾಯುವಂತೆ ಅದನ್ನು ಬಿಸಿ ಮಾಡಲಿಲ್ಲ, ನಾಲ್ಕು ಹನಿ ನೀರು ಕೂಡ ಬಿಟ್ಟು ಹರಿಸಲಿಲ್ಲ, ಐಸ್ ಡಬ್ಬಿಯೂ ಇಲ್ಲ. ಕೇಳಿದರೆ "ಬಸ್ಸಲ್ಲಿ ಹಾಕ್ತೀವಿ, ಸಂಜೆ ಸೇರುತ್ತೆ" ಎಂದ. ಹೀಗೆ ಹೋದ ನೀರಿನ ರಿಪೋರ್ಟ್ ಬಾವಿಯದ್ದೋ, ಬಾಟಲಿಯದ್ದೋ? ಅವನನ್ನು ಹಾಗೇ ವಾಪಸ್ ಕಳಿಸಿ ಲ್ಯಾಬಿಗೆ ಫೋನ್ ಮಾಡಿದ ಮೇಲೆ ಸ್ಟೆರೈಲ್ ಬಾಟಲಿ ಬಂತು, ಐಸ್ ಕೂಡ ಬಂತು. ಕೇಳದೆ ಇದ್ದರೆ ಬರುತ್ತಿರಲಿಲ್ಲ ಅನ್ನುವುದೇ ಬೇಜಾರು. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಬಾಟಲಿ ಯಾವುದು, ಎಷ್ಟು ಗಂಟೆಯೊಳಗೆ ಲ್ಯಾಬ್ ತಲುಪುತ್ತದೆ ಎಂದು ಕೇಳಿ, 24 ಗಂಟೆ ಮೀರಲೇಬಾರದು, ಬೇಗ ತಲುಪಿದಷ್ಟೂ ಒಳ್ಳೆಯದು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮುದ್ರೆ ಇದ್ದರೆ ಸಾಲದು, ನಮಗೆ ಬೇಕಾದ ಪರೀಕ್ಷೆಗೆ ಆ ಮಾನ್ಯತೆ ಇದೆಯಾ ನೋಡಬೇಕು. ಆ ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಲ್ಲೇ ಸಿಗುತ್ತದೆ.

ಪೂಲ್ ರಿಪೋರ್ಟ್ ಅಂತೂ ದಂಡ. ಉಳಿಕೆ ಕ್ಲೋರಿನ್: ಸೊನ್ನೆ. ಅದೇ ಬೆಳಿಗ್ಗೆ ಪೂಲ್ ಪಕ್ಕದಲ್ಲೇ ನಮ್ಮ ಕಿಟ್ಟಲ್ಲಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಇತ್ತು. ಲ್ಯಾಬಿನವರು ಸುಳ್ಳು ಬರೆದಿಲ್ಲ. ಕ್ಲೋರಿನ್ ದಾರಿಯಲ್ಲೇ ಖರ್ಚಾಗಿ ಹೋಗುತ್ತದೆ. ಅದೂ ಅಲ್ಲದೆ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಕ್ಲೋರಿನ್ ಕೊಲ್ಲಲೆಂದೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ, ಇಲ್ಲದಿದ್ದರೆ ಬಸ್ಸಲ್ಲಿ ಹೋಗುವಾಗಲೂ ಕ್ಲೋರಿನ್ ಕೆಲಸ ಮಾಡಿ ಕೊಳಕು ನೀರು ಕೂಡ ಪಾಸ್ ಆಗಿಬಿಡುತ್ತದೆ. ಅಂದರೆ ಪೂಲಿನ ಕ್ಲೋರಿನ್ನನ್ನು ಮೈಸೂರಿಗೆ ಕಳಿಸಿ ಅಳೆಸುವುದಕ್ಕೆ ಅರ್ಥವೇ ಇಲ್ಲ. ಇದನ್ನು ಹೇಳದೆ ಅದಕ್ಕೂ ಬಿಲ್ ಹಾಕಿದ್ದು ನನಗೆ ಸರಿ ಕಾಣಲಿಲ್ಲ.

ಪೂಲಿಗೆ ನಾವು ಬಳಸುವುದು ಡಿಪಿಡಿ ಅನ್ನುವ ರಾಸಾಯನಿಕದ ಮಾತ್ರೆಯ ಕಿಟ್. ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ಬರುತ್ತದೆ, ಪಟ್ಟಿಗೆ ಹೋಲಿಸಿ ನೋಡಿದರೆ ಆಯಿತು. ಹಳದಿ ಬಣ್ಣ ಬರುವ ಅಗ್ಗದ ಕಿಟ್ ಕೊಳ್ಳಬೇಡಿ. ಅದು ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ, ಅದರಲ್ಲಿ ಕೆಲಸ ಮಾಡುವುದು ಎಷ್ಟು, ಬೆವರು ಮೂತ್ರದ ಜೊತೆ ಸೇರಿ ಸತ್ತದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಅತಿಥಿಗಳು ಮೂಗು ಮುಚ್ಚಿಕೊಂಡು "ಕ್ಲೋರಿನ್ ಜಾಸ್ತಿ ಹಾಕಿದ್ದೀರಾ" ಅನ್ನುವ ವಾಸನೆ ಇದೆಯಲ್ಲ, ಅದು ಹೆಚ್ಚಾಗಿ ಆ ಸತ್ತ ಕ್ಲೋರಿನ್‌ನದೇ. ಡಿಪಿಡಿಯಲ್ಲಿ ಎರಡನ್ನೂ ಬೇರೆ ಬೇರೆ ನೋಡಬಹುದು. ಪಿಎಚ್ 7.2ರಿಂದ 7.8ರೊಳಗೆ ಇರಬೇಕು, 8 ದಾಟಿದರೆ ಹಾಕಿದ ಕ್ಲೋರಿನ್‌ನ ಕಾಲು ಭಾಗ ಕೂಡ ಚುರುಕಾಗಿ ಕೆಲಸ ಮಾಡುವುದಿಲ್ಲ. ನಮ್ಮ ಮೆತ್ತನೆಯ ನೀರಲ್ಲಿ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ, ಅಡುಗೆ ಸೋಡಾ ಹಾಕಿ ಅಲ್ಕಲಿನಿಟಿ (ಪಿಎಚ್ ಅಲುಗಾಡದಂತೆ ಹಿಡಿಯುವ ಗುಣ) ಏರಿಸಿದ ಮೇಲೆ ಸ್ವಲ್ಪ ತಹಬಂದಿಗೆ ಬಂತು. ಕಿಟ್ಟಿನ ಒಂದು ತೊಂದರೆ: ಕ್ಲೋರಿನ್ ತುಂಬಾ ಇದ್ದರೆ ಪಿಎಚ್ ಬಣ್ಣ ಕೆಡುತ್ತದೆ, ಡಿಪಿಡಿಯ ಗುಲಾಬಿ ಕೂಡ ಮಾಯವಾಗಿ ಕ್ಲೋರಿನ್ನೇ ಇಲ್ಲ ಅನ್ನಿಸುತ್ತದೆ. ಅನುಮಾನ ಬಂದರೆ ಸ್ಯಾಂಪಲ್‌ಗೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ನೋಡಿ.

ಇನ್ನೊಂದು ಕಿಟ್ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ, ಬಾವಿ ನೀರಿಗೆ. ನೀರು ತುಂಬಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕು ಇರಬಹುದು ಅಂತ. ಅಗ್ಗ, ಸುಲಭ, ಆದರೆ 30ರಿಂದ 37 ಡಿಗ್ರಿ ಬಿಸಿ ಬೇಕು. ಆಟಿ ತಿಂಗಳ ಮಳೆಯ ಚಳಿಯಲ್ಲಿ ಕಿಟಕಿ ಮೇಲೆ ಇಟ್ಟು "ಕಪ್ಪಾಗಲಿಲ್ಲ, ನೀರು ಚೆನ್ನಾಗಿದೆ" ಅಂದರೆ ಆಗಲ್ಲ. ನಾವು ಬಚ್ಚಲ ಒಲೆ ಹತ್ತಿರ, ಕೈ ಬೆಚ್ಚಗಾಗುವಷ್ಟು ದೂರದಲ್ಲಿ ಇಡುತ್ತೇವೆ. ಕಪ್ಪಾದರೆ ಕೂಡಲೇ ಲ್ಯಾಬ್. ಕಪ್ಪಾಗದಿದ್ದರೂ ಮೊದಲ ಜೋರು ಮಳೆ ಆದ ಮೇಲೆ ಒಮ್ಮೆ, ಮೇಲಿನ ತೋಟದವರು ಕಾಫಿ ಹಣ್ಣು ಸುಲಿದ ಪಲ್ಪಿಂಗ್ ನೀರು ಕೊಲ್ಲಿಗೆ ಬರುವ ಸಮಯದಲ್ಲಿ ಒಮ್ಮೆ ಕಳಿಸುವುದು ಒಳ್ಳೆಯದು.

ಮತ್ತೆ ಅದೇ ಲ್ಯಾಬಿಗೆ ಕೊಡುತ್ತೀರಾ ಅಂದರೆ, ಬಾವಿ ನೀರು ಕೊಡುತ್ತೇನೆ, ನನ್ನ ಕಣ್ಣೆದುರೇ ಸ್ಯಾಂಪಲ್ ತೆಗೆದರೆ. ಪೂಲಿನದ್ದು ಬ್ಯಾಕ್ಟೀರಿಯಾಗೆ ಮಾತ್ರ. ಕಿಟ್ ಕೊಳ್ಳುವವರು ಮಾತ್ರೆಯ ಎಕ್ಸ್‌ಪೈರಿ ದಿನಾಂಕ ನೋಡಿಯೇ ತಗೊಳ್ಳಿ, ಫಾಯಿಲ್ ಪಟ್ಟಿಯಲ್ಲಿರುವುದನ್ನೇ ಕೇಳಿ. ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಕೂಡ ಸತ್ವ ಕಳೆದುಕೊಳ್ಳುತ್ತದೆ, ಇನ್ನು ಬಿಡಿ ಮಾತ್ರೆ ಉಳಿಯುತ್ತದಾ.